ಪ್ರತಿಧ್ವನಿ ಓದುವ ವಿದ್ಯೆ: ಸೋನೋಗ್ರಾಫಿ ಕಲಿಯಬೇಕೆಂದರೆ



ಒಂಬತ್ತನೆಯ ಇಯತ್ತೆಯಲ್ಲಿ ಧ್ವನಿಯ ಪಾಠ ಮುಗಿಸಿ ಪುಸ್ತಕ ಮುಚ್ಚುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕರಪತ್ರ.

“ಸರ್, ನಮ್ಮ ಅಕ್ಕ ಹನ್ನೆರಡನೇದು ಮುಗಸ್ಯಾಳ್ರಿ. ಆರು ತಿಂಗಳ ಕೋರ್ಸ್ ಮಾಡಿದ್ರ ಸೋನೋಗ್ರಾಫಿ ಮಷೀನ್ ನಡಸಬಹುದು, ನೌಕರಿ ಗ್ಯಾರಂಟಿ ಅಂತ ಇದರಾಗ ಬರದಾರ. ಫೀ ಕಟ್ಟಾಕ ನಮ್ಮಪ್ಪ ಸಾಲ ಮಾಡಾಕ ಹೊಂಟಾನ. ಇದು ಖರೆ ಏನ್ರಿ?”

ಅಂದು ನಾನು “ನಾಳೆ ಹೇಳ್ತೀನಿ, ಅಪ್ಪಗ ಒಂದು ದಿನ ತಡಿ ಅಂತ ಹೇಳು” ಎಂದೆ. ಅವಳ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದು ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಆ ಮಷೀನು ಏನು ಮಾಡುತ್ತದೆ, ಅದನ್ನು ಹಿಡಿಯುವ ಕೈ ಏನೇನು ಕಲಿತಿರಬೇಕು, ನಮ್ಮ ದೇಶದ ಕಾಯಿದೆ ಅದನ್ನು ಯಾರ ಕೈಗೆ ಕೊಟ್ಟಿದೆ, ಈ ಮೂರೂ ಗೊತ್ತಾದರೆ ಮುಂದೆ ಯಾವ ಕರಪತ್ರ ಬಂದರೂ ನೀವೇ ಓದಿ ತೀರ್ಮಾನಿಸಬಲ್ಲಿರಿ. ಅದಕ್ಕಾಗಿ ಮರುದಿನ ತರಗತಿಯಲ್ಲಿ ಹೇಳಿದ್ದನ್ನೇ ಇಲ್ಲಿ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಗೋಲಗುಮ್ಮಟದಿಂದ ಶುರು ಮಾಡೋಣ

ಅಕ್ಕಲಕೋಟದ ನಮ್ಮ ಶಾಲೆಗಳ ಸಹಲು ಹೊರಟರೆ ವಿಜಯಪುರ ತಪ್ಪುವುದಿಲ್ಲ. ಗೋಲಗುಮ್ಮಟದ ಮೆಟ್ಟಿಲು ಹತ್ತಿ, ಗುಮ್ಮಟದ ಒಳಗಿನ ಮೊಗಸಾಲೆಯಲ್ಲಿ ನಿಂತು ನಾವೆಲ್ಲ ಚಪ್ಪಾಳೆ ಹೊಡೆದವರೇ. ಒಂದು ಚಪ್ಪಾಳೆಗೆ ಎಷ್ಟೋ ಚಪ್ಪಾಳೆ ಮರಳಿ ಕೇಳುತ್ತವೆ. ಎದುರಿನ ಗೋಡೆ ಸುಮಾರು 37 ಮೀಟರ್ ದೂರ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನಿಮ್ಮ ಚಪ್ಪಾಳೆಯ ಸಪ್ಪಳ 37 ಮೀಟರ್ ಹೋಗಿ, ಗೋಡೆಗೆ ಬಡಿದು, ಮತ್ತೆ 37 ಮೀಟರ್ ಮರಳಿ ಬರಬೇಕು. ಒಟ್ಟು 74 ಮೀಟರ್. 74 ಭಾಗಿಸು 340 ಅಂದರೆ ಸುಮಾರು 0.22 ಸೆಕೆಂಡ್.

ಎರಡು ಸಪ್ಪಳಗಳ ನಡುವೆ 0.1 ಸೆಕೆಂಡಾದರೂ ಅಂತರ ಇದ್ದರೆ ನಮ್ಮ ಕಿವಿ ಅವನ್ನು ಬೇರೆ ಬೇರೆಯಾಗಿ ಕೇಳುತ್ತದೆ. 0.22 ಅದಕ್ಕಿಂತ ಹೆಚ್ಚು, ಆದ್ದರಿಂದ ಪ್ರತಿಧ್ವನಿ ಸ್ಪಷ್ಟ.

ಈಗ ಲೆಕ್ಕವನ್ನು ತಿರುಗಿಸಿ ನೋಡಿ. ನಿಮ್ಮ ಕಣ್ಣು ಕಟ್ಟಿದ್ದಾರೆ, ಗೋಡೆ ಎಷ್ಟು ದೂರ ಇದೆ ಗೊತ್ತಿಲ್ಲ. ಆದರೆ ಪ್ರತಿಧ್ವನಿ 0.22 ಸೆಕೆಂಡಿಗೆ ಬಂತು ಎಂದು ಗಡಿಯಾರ ಹೇಳುತ್ತದೆ. 340ನ್ನು 0.22ರಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ಗೋಡೆಯ ದೂರ ಸಿಕ್ಕಿತು. ಕಾಣದ ವಸ್ತುವಿನ ದೂರವನ್ನು ಸಪ್ಪಳದಿಂದ ಅಳೆದಂತಾಯಿತು. ಕತ್ತಲಲ್ಲಿ ಬಾವಲಿ ಮಾಡುವುದು ಇದನ್ನೇ. ಸಮುದ್ರದ ಆಳ ಅಳೆಯುವ ಸೋನಾರ್ ಮಾಡುವುದೂ ಇದನ್ನೇ. ದವಾಖಾನೆಯ ಸೋನೋಗ್ರಾಫಿ ಯಂತ್ರದ ಮೂಲ ಲೆಕ್ಕವೂ ಇಷ್ಟೇ.

ಹೊಟ್ಟೆಯೊಳಗಿನ ಗೋಡೆಗಳು

ಹೊಟ್ಟೆಯೊಳಗೆ ಯಕೃತ್ತು, ಪಿತ್ತಕೋಶ, ಮೂತ್ರಪಿಂಡಗಳೆಲ್ಲ ಕೆಲವೇ ಸೆಂಟಿಮೀಟರ್ ಆಳದಲ್ಲಿವೆ. ಅಲ್ಲಿಗೆ ಚಪ್ಪಾಳೆ ಸಪ್ಪಳ ಕಳಿಸಿದರೆ ನಡೆಯುವುದಿಲ್ಲ. ಯಾಕೆ?

ಶರೀರದ ಮೃದು ಭಾಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಸೆಕೆಂಡಿಗೆ 1000 ಸಲ ಕಂಪಿಸುವ ಸಪ್ಪಳವನ್ನು ಒಳಗೆ ಕಳಿಸಿದರೆ ಒಂದು ಅಲೆಯ ಉದ್ದ, ಅಂದರೆ ತರಂಗದೂರ, 1540 ಭಾಗಿಸು 1000, ಒಂದೂವರೆ ಮೀಟರ್! ಮನುಷ್ಯನೇ ಅಷ್ಟುದ್ದ. ಅಷ್ಟು ದೊಡ್ಡ ಅಲೆಗೆ ಒಂದು ಸೆಂಟಿಮೀಟರಿನ ಕಲ್ಲು ಲೆಕ್ಕಕ್ಕೇ ಇಲ್ಲ. ಸೋಲಾಪುರದ ಸಿದ್ಧೇಶ್ವರ ಕೆರೆಯಲ್ಲಿ ನೀರಿನ ದೊಡ್ಡ ಅಲೆ ಒಂದು ಜೋಳದ ದಂಟನ್ನು ಸುತ್ತಿಕೊಂಡು ಹಾಗೇ ಮುಂದೆ ಹೋಗುತ್ತದಲ್ಲ, ಹಂಗ.

ಅದಕ್ಕಾಗಿ ಬಹಳ ಸಣ್ಣ ಅಲೆ ಬೇಕು. ಮನುಷ್ಯನ ಕಿವಿಗೆ 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ಅದರಾಚೆಯದು ಶ್ರವಣಾತೀತ ಧ್ವನಿ. ದವಾಖಾನೆಯ ಯಂತ್ರ ಸಾಮಾನ್ಯವಾಗಿ 20 ಲಕ್ಷದಿಂದ 150 ಲಕ್ಷ ಹರ್ಟ್ಜ್‌ವರೆಗಿನ ಧ್ವನಿ ಬಳಸುತ್ತದೆ. 35 ಲಕ್ಷ ಹರ್ಟ್ಜ್ ಹಿಡಿದರೆ ಒಂದು ಅಲೆಯ ಉದ್ದ 0.44 ಮಿಲಿಮೀಟರ್. ಈಗ ಸಣ್ಣ ಕಲ್ಲೂ ಕಾಣುತ್ತದೆ.

“ಹಂಗಾದ್ರ ಯಾವಾಗಲೂ 150 ಲಕ್ಷನೇ ಯಾಕ ಇಡಬಾರದು ಸರ್?” ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆವೃತ್ತಿ ಹೆಚ್ಚಿದಷ್ಟೂ ಧ್ವನಿ ಶರೀರದಲ್ಲಿ ಬೇಗ ಹೀರಿಹೋಗುತ್ತದೆ, ಆಳಕ್ಕೆ ಮುಟ್ಟುವುದಿಲ್ಲ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಚರ್ಮದ ಸಮೀಪವೇ ಇದೆ, ಅಲ್ಲಿ ಹೆಚ್ಚಿನ ಆವೃತ್ತಿ ನಡೆಯುತ್ತದೆ. ಮೂತ್ರಪಿಂಡ ಆಳದಲ್ಲಿದೆ, ಅಲ್ಲಿಗೆ ಕಡಿಮೆ ಆವೃತ್ತಿ ಬೇಕು. ಚಿತ್ರ ಸೂಕ್ಷ್ಮವಾಗಿರಲಿ ಎಂದರೆ ಆಳ ಕಳೆದುಕೊಳ್ಳಬೇಕು, ಆಳ ಬೇಕೆಂದರೆ ಸೂಕ್ಷ್ಮತೆ ಬಿಡಬೇಕು. ಯಾವ ರೋಗಿಗೆ ಯಾವುದು ಎಂದು ಆರಿಸುವುದು ಕಲಿಕೆಯ ಮೊದಲ ಪಾಠ.

ಕೈಯಲ್ಲಿ ಹಿಡಿಯುವ ಪ್ರೋಬ್‌ನ ಒಳಗೆ ವಿಶೇಷ ಹರಳಿನಂಥ ವಸ್ತುವಿನ ತುಣುಕುಗಳಿವೆ. ಅವುಗಳಿಗೆ ವಿದ್ಯುತ್ ಕೊಟ್ಟರೆ ನಡುಗಿ ಧ್ವನಿ ಹುಟ್ಟಿಸುತ್ತವೆ. ಮರಳಿ ಬಂದ ಧ್ವನಿ ಅವುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟಿಸುತ್ತವೆ. ಒತ್ತಿದರೆ ವಿದ್ಯುತ್ ಹುಟ್ಟುವ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಅಣ್ಣತಮ್ಮಂದಿರು ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ತೋರಿಸಿದರು. ಪಿಯರ್ ಮುಂದೆ ಮೇರಿ ಕ್ಯೂರಿಯವರ ಪತಿಯಾದವರು. ಹೀಗೆ ಅದೇ ಪ್ರೋಬ್ ಬಾಯಿಯೂ ಹೌದು, ಕಿವಿಯೂ ಹೌದು.

ಒಂದು ಲೆಕ್ಕ ಮಾಡೋಣ. ಪ್ರತಿಧ್ವನಿ ಮರಳಿ ಬರಲು 100 ಮೈಕ್ರೋಸೆಕೆಂಡ್ ಹಿಡಿಯಿತು, ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ. 1540ನ್ನು 0.0001ರಿಂದ ಗುಣಿಸಿದರೆ 0.154 ಮೀಟರ್. ಅದರ ಅರ್ಧ 0.077 ಮೀಟರ್. ಆ ‘ಗೋಡೆ’ ಚರ್ಮದಿಂದ 7.7 ಸೆಂಟಿಮೀಟರ್ ಒಳಗಿದೆ. ಸುಲಭವಾಗಿ ನೆನಪಿಡಬೇಕೆಂದರೆ, ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸುಮಾರು 13 ಮೈಕ್ರೋಸೆಕೆಂಡ್.

15 ಸೆಂಟಿಮೀಟರ್ ಆಳದವರೆಗಿನ ಒಂದು ಗೆರೆ ನೋಡಲು ಸುಮಾರು 200 ಮೈಕ್ರೋಸೆಕೆಂಡ್ ಸಾಕು. ಅಂಥ 200 ಗೆರೆಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ಒಂದು ಚಿತ್ರ, ಅದಕ್ಕೆ 0.04 ಸೆಕೆಂಡ್. ಅಂದರೆ ಸೆಕೆಂಡಿಗೆ 25 ಚಿತ್ರಗಳು. ಅದಕ್ಕೇ ಪರದೆಯ ಮೇಲೆ ಬಡಿಯುವ ಹೃದಯ ಬಡಿಯುತ್ತಲೇ ಕಾಣುತ್ತದೆ.

ಜೆಲ್ ಯಾಕೆ, ಉಪವಾಸ ಯಾಕೆ, ನೀರು ಯಾಕೆ?

ಸೋನೋಗ್ರಾಫಿಗೆ ಹೋಗಿ ಬಂದ ಮನೆಯವರು ಹೇಳುವ ಮಾತುಗಳಿವು: “ತಣ್ಣಂದು ಅಂಟು ಹಚ್ಚಿದ್ರು”, “ಮುಂಜಾನಿಂದ ಏನೂ ತಿನ್ನಬ್ಯಾಡ ಅಂದಿದ್ರು”, “ಹೊಟ್ಟಿ ತುಂಬ ನೀರು ಕುಡಸಿ ಕುಂಡ್ರಿಸಿದ್ರು.” ಮೂರಕ್ಕೂ ವಿಜ್ಞಾನದ ಕಾರಣ ಇದೆ.

ಧ್ವನಿಗೆ ಗಾಳಿಯಿಂದ ಶರೀರದೊಳಗೆ ಹೋಗುವುದು ಬಹಳ ಕಷ್ಟ. ಪ್ರೋಬ್ ಮತ್ತು ಚರ್ಮದ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ 99 ಪ್ರತಿಶತಕ್ಕಿಂತ ಹೆಚ್ಚು ಧ್ವನಿ ಅಲ್ಲಿಂದಲೇ ಮರಳಿಬಿಡುತ್ತದೆ. ಜೆಲ್ ಹಚ್ಚುವುದು ಆ ಗಾಳಿಯನ್ನು ಹೊರಹಾಕಲು.

ಪಿತ್ತಕೋಶ ಉಪವಾಸದಲ್ಲಿ ಪಿತ್ತರಸ ತುಂಬಿಕೊಂಡು ಉಬ್ಬಿರುತ್ತದೆ. ಊಟ ಮಾಡಿದೊಡನೆ ರಸ ಬಿಟ್ಟು ಮುದುಡುತ್ತದೆ. ಮುದುಡಿದ ಚೀಲದೊಳಗೆ ಕಲ್ಲು ಹುಡುಕುವುದು ಹೇಗೆ? ಅದಕ್ಕೆ ಉಪವಾಸ. ಇನ್ನು ನೀರು: ತುಂಬಿದ ಮೂತ್ರಕೋಶ ಗಾಳಿ ತುಂಬಿದ ಕರುಳನ್ನು ಪಕ್ಕಕ್ಕೆ ಸರಿಸುತ್ತದೆ, ನೀರಿನ ಮೂಲಕ ಧ್ವನಿ ಸಲೀಸಾಗಿ ದಾಟಿ ಹಿಂದಿನ ಗರ್ಭಾಶಯ, ಅಂಡಾಶಯ ತೋರಿಸುತ್ತದೆ. ಅದೊಂದು ಕಿಟಕಿ ಇದ್ದಂತೆ.

ಪರದೆಯ ಮೇಲೆ ನೀರಿನಂಥ ದ್ರವ ಕಪ್ಪಾಗಿ ಕಾಣುತ್ತದೆ, ಯಾಕೆಂದರೆ ಅದರೊಳಗಿಂದ ಪ್ರತಿಧ್ವನಿ ಬರುವುದಿಲ್ಲ. ಕಲ್ಲು, ಎಲುಬು ಬೆಳ್ಳಗೆ ಹೊಳೆಯುತ್ತವೆ, ಅವುಗಳ ಹಿಂದೆ ಕಪ್ಪು ನೆರಳು ಬೀಳುತ್ತದೆ. ಆ ನೆರಳನ್ನು ನೋಡಿಯೇ “ಇದು ಕಲ್ಲು” ಎಂದು ಗುರುತಿಸುವುದು ಎಷ್ಟೋ ಸಲ ಸಾಧ್ಯವಾಗುತ್ತದೆ. ಎಕ್ಸ್‌ರೇ ಹಾಗೆ ಇಲ್ಲಿ ವಿಕಿರಣ ಇಲ್ಲ, ಇರುವುದು ಧ್ವನಿ ಮಾತ್ರ.

ಕಾರ್ಖಾನೆಯಿಂದ ದವಾಖಾನೆಗೆ

ಈ ವಿದ್ಯೆ ದವಾಖಾನೆಯಲ್ಲಿ ಹುಟ್ಟಿದ್ದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಾನ್ ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಕ್ಯೂರಿ ಸೋದರರ ಹರಳನ್ನು ಬಳಸಿದರು. ಆಮೇಲೆ ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಅದೇ ತಂತ್ರ ಬಂತು.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್ 1955ರಲ್ಲಿ ಶಸ್ತ್ರಕ್ರಿಯೆಯಿಂದ ತೆಗೆದ ಗಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ಬಾಯ್ಲರ್ ತಯಾರಿಸುವ ಒಂದು ಕಾರ್ಖಾನೆಗೆ ಹೋದರು. ಲೋಹದ ಬಿರುಕು ನೋಡುವ ಯಂತ್ರದಿಂದ ಆ ಗಡ್ಡೆಗಳನ್ನು ಪರೀಕ್ಷಿಸಿದರು. ನೀರು ತುಂಬಿದ ಗಡ್ಡೆ ಒಂದು ಬಗೆಯ ಪ್ರತಿಧ್ವನಿ ಕೊಟ್ಟರೆ, ಗಟ್ಟಿ ಗಡ್ಡೆ ಇನ್ನೊಂದು ಬಗೆಯದನ್ನು ಕೊಟ್ಟಿತು. ಟಾಮ್ ಬ್ರೌನ್ ಎಂಬ ಎಂಜಿನಿಯರ್ ಮತ್ತು ಜಾನ್ ಮ್ಯಾಕ್‌ವಿಕಾರ್ ಎಂಬ ವೈದ್ಯರ ಜೊತೆ ಸೇರಿ ಅವರು 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಶೋಧ ಪ್ರಕಟಿಸಿದರು. ಅವರು ಪರೀಕ್ಷಿಸಿದ ರೋಗಿಗಳಲ್ಲಿ ಒಬ್ಬ ಹೆಂಗಸಿಗೆ ಗುಣವಾಗದ ಕ್ಯಾನ್ಸರ್ ಎಂದು ತಿಳಿಯಲಾಗಿತ್ತು. ಯಂತ್ರ ಅದು ಅಂಡಾಶಯದ ನೀರುಗಡ್ಡೆ ಎಂದು ತೋರಿಸಿತು. ಶಸ್ತ್ರಕ್ರಿಯೆ ಮಾಡಿ ತೆಗೆದರು, ಆಕೆ ಬದುಕಿದಳು.

ಇಲ್ಲಿ ಒಂದು ವಿಷಯ ಗಮನಿಸಿ. ಯಂತ್ರ ಕೊಟ್ಟದ್ದು ಬರೀ ಪ್ರತಿಧ್ವನಿ. “ಇದು ನೀರುಗಡ್ಡೆ” ಎಂದು ಓದಿದ್ದು ಕಲಿತ ಮನುಷ್ಯ.

ಕೈ, ಕಣ್ಣು ಮತ್ತು ಮಾತು

ಹಾಗಾದರೆ ಕಲಿಯುವವರು ಏನು ಕಲಿಯುತ್ತಾರೆ?

ಮೊದಲು ಶರೀರ ರಚನೆ. ಯಾವ ಅವಯವದ ಪಕ್ಕ ಯಾವುದು, ಯಾವ ರಕ್ತನಾಳ ಎಲ್ಲಿ ಹಾಯ್ದಿದೆ ಎಂಬುದು ಕಣ್ಣು ಮುಚ್ಚಿದರೂ ಕಾಣಬೇಕು. ಯಂತ್ರ ತೋರಿಸುವುದು ಶರೀರದ ಒಂದು ತೆಳು ಹೋಳನ್ನು ಮಾತ್ರ. ಸವತೆಕಾಯಿಯನ್ನು ಅಡ್ಡ ಕೊಯ್ದರೆ ದುಂಡು, ಉದ್ದ ಸೀಳಿದರೆ ಉದ್ದ. ಎರಡೂ ಒಂದೇ ಕಾಯಿ. ಹಾಗೆಯೇ ಪ್ರತಿ ಅವಯವವನ್ನೂ ಉದ್ದಕ್ಕೂ ಅಡ್ಡಕ್ಕೂ ನೋಡಿ, ಆ ಹೋಳುಗಳಿಂದ ಇಡೀ ಆಕಾರವನ್ನು ಮನಸ್ಸಿನಲ್ಲಿ ಕಟ್ಟಬೇಕು.

ಎರಡನೆಯದು ಕೈ. ಪ್ರೋಬನ್ನು ಸರಿಸುವುದು, ವಾಲಿಸುವುದು, ತಿರುಗಿಸುವುದು, ಒತ್ತುವುದು ಎಲ್ಲ ಬೇರೆ ಬೇರೆ. ಒಂದು ಕೈ ರೋಗಿಯ ಹೊಟ್ಟೆಯ ಮೇಲೆ, ಇನ್ನೊಂದು ಕೈ ಯಂತ್ರದ ಗುಂಡಿಗಳ ಮೇಲೆ, ಕಣ್ಣು ಪರದೆಯ ಮೇಲೆ. ಟೈಪಿಂಗ್ ಕಲಿತಂತೆ, ಹಾರ್ಮೋನಿಯಂ ಕಲಿತಂತೆ, ಇದಕ್ಕೆ ನೂರಾರು ತಾಸಿನ ಅಭ್ಯಾಸ ಬೇಕು. ದಿನವಿಡೀ ಮಾಡುವವರಿಗೆ ಭುಜ, ಮಣಿಕಟ್ಟು ನೋಯುತ್ತವೆ, ಆದ್ದರಿಂದ ಹೇಗೆ ಕೂಡಬೇಕು ಎಂಬುದನ್ನೂ ಕಲಿಸುತ್ತಾರೆ.

ಮೂರನೆಯದು ಮೋಸ ಗುರುತಿಸುವುದು. ಧ್ವನಿ ಕೆಲವೊಮ್ಮೆ ಎರಡು ಮೂರು ಸಲ ಪುಟಿದು, ಇಲ್ಲದ ಜಾಗದಲ್ಲಿ ಗೆರೆ ತೋರಿಸುತ್ತದೆ. ನಿಜವಾದ ರೋಗ ಯಾವುದು, ಧ್ವನಿಯ ಆಟ ಯಾವುದು ಎಂದು ತಿಳಿಯದಿದ್ದರೆ ಇಲ್ಲದ ರೋಗ ಇದೆ ಎಂದೋ, ಇದ್ದ ರೋಗ ಇಲ್ಲ ಎಂದೋ ಬರೆದುಬಿಡುವ ಅಪಾಯ ಇದೆ. ರಕ್ತದ ಹರಿವು ನೋಡುವಾಗಲೂ ಹೀಗೆಯೇ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ ತತ್ತ್ವದಿಂದ ಯಂತ್ರ ಹರಿವಿಗೆ ಬಣ್ಣ ಹಚ್ಚುತ್ತದೆ. ಸಾಮಾನ್ಯವಾಗಿ ಪ್ರೋಬ್ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಪುಸ್ತಕದ ಚಿತ್ರ ನೆನೆದು ಕೆಂಪೆಂದರೆ ಅಪಧಮನಿ, ನೀಲಿಯೆಂದರೆ ಅಭಿಧಮನಿ ಎಂದುಕೊಂಡರೆ ತಪ್ಪಾಯಿತು.

ನಾಲ್ಕನೆಯದು ಮಾತು. ಇದನ್ನು ನಾನು ಸ್ವತಃ ಕಂಡೆ. ಕೆಲ ವರ್ಷದ ಹಿಂದೆ ನಮ್ಮ ಅವ್ವನನ್ನು ಹೊಟ್ಟೆನೋವೆಂದು ಸೋಲಾಪುರದ ಒಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಒಳ್ಳೆಯವರು, ಮೆತ್ತಗೆ ಮರಾಠಿಯಲ್ಲಿ “ಆಜಿ, ಶ್ವಾಸ ರೋಖೂನ ಧರಾ” ಎಂದರು. ಅವ್ವ ತಲೆ ಆಡಿಸಿದಳು, ಉಸಿರಾಟ ಮಾತ್ರ ನಡೆಸಿಯೇ ಇದ್ದಳು. ಉಸಿರಾಡಿದಂತೆ ಯಕೃತ್ತು, ಪಿತ್ತಕೋಶ ಮೇಲೆ ಕೆಳಗೆ ಸರಿಯುತ್ತವೆ, ಪಕ್ಕೆಲುಬಿನ ನೆರಳಿನಲ್ಲಿ ಅಡಗುತ್ತವೆ. ಚಿತ್ರ ನಿಲ್ಲಲೇ ಇಲ್ಲ. ಎರಡು ಮೂರು ಸಲ ಹೀಗಾದ ಮೇಲೆ ನನ್ನನ್ನು ಒಳಗೆ ಕರೆದರು. ನಾನು ಪರದೆಯ ಬದಿಗೆ ನಿಂತು, “ಅವ್ವಾ, ಉಸರು ಒಳಗ ತಗೋ... ಹಿಡಿ... ಈಗ ಬಿಡು” ಎಂದೆ. ಒಂದೇ ಉಸಿರಿಗೆ ಪಿತ್ತಕೋಶದ ಕಲ್ಲು, ಅದರ ಹಿಂದಿನ ಕಪ್ಪು ನೆರಳು ಎರಡೂ ಸ್ಪಷ್ಟವಾಗಿ ಕಂಡವು. ಡಾಕ್ಟರ್ ಆ ಮೂರು ಕನ್ನಡ ಮಾತುಗಳನ್ನು ಒಂದು ಚೀಟಿಯ ಮೇಲೆ ದೇವನಾಗರಿಯಲ್ಲಿ ಬರೆದುಕೊಂಡರು.

ನಾಗಣಸೂರ, ದುಧನಿ, ಮೈಂದರ್ಗಿ, ಜೇವೂರ ಕಡೆಯ ಎಷ್ಟೋ ಮಂದಿ ಆಯಿ ಮುತ್ಯಾಗಳು ನೋವನ್ನು ಕನ್ನಡದಲ್ಲೇ ಹೇಳಬಲ್ಲರು. ಕನ್ನಡ ಶಾಲೆಯಲ್ಲಿ ಕಲಿತು, ಮರಾಠಿ ಮಾತಾಡಿ, ಇಂಗ್ಲಿಷ್ ಪುಸ್ತಕ ಓದಬಲ್ಲವರು ಆ ಕೋಣೆಯಲ್ಲಿ ಇದ್ದರೆ ರೋಗಿಗೂ ಲಾಭ, ಚಿತ್ರಕ್ಕೂ ಲಾಭ. ನಮ್ಮ ಭಾಷೆ ಈ ಕೆಲಸಕ್ಕೆ ಅಡ್ಡಿ ಎಂದು ಯಾರೂ ತಿಳಿಯಬೇಡಿ.

ಯಾರು ಮಾಡಬಹುದು?

ಈಗ ಕರಪತ್ರದ ಪ್ರಶ್ನೆ. ಅಮೆರಿಕದಂಥ ದೇಶಗಳಲ್ಲಿ ‘ಡಯಾಗ್ನಾಸ್ಟಿಕ್ ಮೆಡಿಕಲ್ ಸೋನೋಗ್ರಾಫರ್’ ಎಂಬ ಬೇರೆಯೇ ವೃತ್ತಿ ಇದೆ. ಅವರು ಎಂ.ಬಿ.ಬಿ.ಎಸ್. ಡಾಕ್ಟರರಲ್ಲ. ಶಾಲೆ ಮುಗಿಸಿ ಎರಡರಿಂದ ನಾಲ್ಕು ವರ್ಷ ಇದನ್ನೇ ಓದಿ, ಭೌತಶಾಸ್ತ್ರದ ಪರೀಕ್ಷೆಯನ್ನೂ ಒಳಗೊಂಡ ನೋಂದಣಿ ಪರೀಕ್ಷೆ ಕೊಟ್ಟು, ಸ್ವತಃ ಸ್ಕ್ಯಾನ್ ಮಾಡುತ್ತಾರೆ. ಚಿತ್ರ ನೋಡಿ ಅಂತಿಮ ವರದಿ ಬರೆಯುವವರು ಡಾಕ್ಟರ್. ಅಲ್ಲಿ ಇದಕ್ಕಾಗಿ ನೋಂದಣಿ ಸಂಸ್ಥೆ 1975ರಿಂದ ಇದೆ. ಬ್ರಿಟನ್ನಿನಲ್ಲಿ ಎಕ್ಸ್‌ರೇ ಕಲಿತವರು ಮೇಲಿನ ತರಬೇತಿ ಪಡೆದು ಸ್ಕ್ಯಾನ್ ಮಾಡಿ, ವರದಿಯನ್ನೂ ತಾವೇ ಬರೆಯುವ ಪದ್ಧತಿ ಇದೆ. ಇಂಟರ್‌ನೆಟ್‌ನಲ್ಲಿ ನೀವು ಓದುವ ಮಾಹಿತಿ ಬಹಳಷ್ಟು ಆ ದೇಶಗಳದು.

ನಮ್ಮ ದೇಶದಲ್ಲಿ ಹಾಗಿಲ್ಲ. ಗರ್ಭಲಿಂಗ ಪತ್ತೆ ತಡೆಯುವ ಕಾಯಿದೆಯ ಪ್ರಕಾರ ಸೋನೋಗ್ರಾಫಿ ಮಾಡುವವರು ನೋಂದಾಯಿತ ಡಾಕ್ಟರರೇ ಆಗಿರಬೇಕು, ಅದಕ್ಕೆ ಬೇಕಾದ ತರಬೇತಿಯೂ ಅವರಿಗಿರಬೇಕು. ದಾರಿ ಹೀಗಿದೆ:

ಹನ್ನೆರಡನೆಯ ಇಯತ್ತೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ನಂತರ ನೀಟ್ ಪರೀಕ್ಷೆ.

ಎಂ.ಬಿ.ಬಿ.ಎಸ್.: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸೋಲಾಪುರದಲ್ಲೇ 1963ರಲ್ಲಿ ಆರಂಭವಾದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ.

ಅದರ ಮೇಲೆ ಎಂ.ಡಿ. ರೇಡಿಯೋ ಡಯಾಗ್ನೋಸಿಸ್: ಮೂರು ವರ್ಷ. ಇವರೇ ರೇಡಿಯಾಲಜಿಸ್ಟ್. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ., ಸೋನೋಗ್ರಾಫಿ ಎಲ್ಲವನ್ನೂ ಓದುವವರು.

ಎಂ.ಡಿ. ಮಾಡದ ಎಂ.ಬಿ.ಬಿ.ಎಸ್. ಡಾಕ್ಟರರಿಗೆ ಇನ್ನೊಂದು ದಾರಿ ಇದೆ. ಕೇಂದ್ರ ಸರ್ಕಾರ 2014ರಲ್ಲಿ ಮಾಡಿದ ನಿಯಮದಂತೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆರು ತಿಂಗಳು, 300 ತಾಸು ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. ಈ ನಿಯಮದ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ಕೋರ್ಟ್ ಅದಕ್ಕೆ ವಿರುದ್ಧವಾಗಿದ್ದ ಹೈಕೋರ್ಟ್ ತೀರ್ಪಿಗೆ ತಡೆ ಕೊಟ್ಟಿತು.

‘ಆರು ತಿಂಗಳು’ ಎಂಬ ಮಾತು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ? ಆ ಆರು ತಿಂಗಳು ಡಾಕ್ಟರ್ ಆದವರಿಗೆ. ಹನ್ನೆರಡನೆಯದು ಮುಗಿಸಿದವರಿಗೆ ಅಲ್ಲ. ಹನ್ನೆರಡನೆಯದರ ಮೇಲೆ ಆರು ತಿಂಗಳ ಪ್ರಮಾಣಪತ್ರ ಹಿಡಿದು ಪ್ರೋಬ್ ಮುಟ್ಟಿದರೆ ನೌಕರಿ ಸಿಗುವುದಿರಲಿ, ಮುಟ್ಟಿದವರೂ ಮುಟ್ಟಗೊಟ್ಟವರೂ ಕಾಯಿದೆಯ ಕೈಗೆ ಸಿಗುತ್ತಾರೆ.

“ಡಾಕ್ಟರ್ ಆಗಲಿಕ್ಕೆ ಆಗಲಿಲ್ಲಂದ್ರ?” ಎಂದು ಹುಡುಗಿ ಕೇಳಿದಳು. ದಾರಿ ಮುಚ್ಚಿಲ್ಲ. ವೈದ್ಯಕೀಯ ಇಮೇಜಿಂಗ್ ತಂತ್ರಜ್ಞರಾಗಬಹುದು. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಯಂತ್ರಗಳನ್ನು ನಡೆಸುವವರು ಇವರೇ. ಮಹಾರಾಷ್ಟ್ರದಲ್ಲಿ ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಅಡಿಯಲ್ಲಿ, ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಅಡಿಯಲ್ಲಿ ಇದಕ್ಕೆ ಪದವಿ ಓದು ಇದೆ. ಇಂಥ ವೃತ್ತಿಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ಕಾಯಿದೆಯನ್ನೂ ಮಾಡಿದೆ. ಫೀ ಕಟ್ಟುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: “ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು?” ಉತ್ತರ ತಡವರಿಸಿದರೆ ಎದ್ದು ಬನ್ನಿ.

ನಮ್ಮ ಮಕ್ಕಳಿಗೆ ಇನ್ನೊಂದು ವಿಷಯ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಆದರೆ ಕನ್ನಡ ಪತ್ರಿಕೆ ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ, ಮರಾಠಿ ಪತ್ರಿಕೆ ಮಹಾರಾಷ್ಟ್ರದ ಕೇಂದ್ರಗಳಲ್ಲಿ ಕೊಡುವ ಪದ್ಧತಿ ಇದೆ. ಕನ್ನಡ ಆರಿಸುವವರು ಅರ್ಜಿ ತುಂಬುವಾಗ ಕೇಂದ್ರವನ್ನು ಯೋಚಿಸಿ ಬರೆಯಬೇಕು. ಆಯಾ ವರ್ಷದ ಮಾಹಿತಿ ಪುಸ್ತಿಕೆ ಓದದೆ ಅರ್ಜಿ ತುಂಬಬೇಡಿ.

ಕಾಯಿದೆ ಇಷ್ಟು ಬಿಗಿ ಯಾಕೆ?

ಸೋನೋಗ್ರಾಫಿ ಕೇಂದ್ರದ ಬಾಗಿಲಲ್ಲಿ ಮರಾಠಿ ಫಲಕ ನೋಡಿದ್ದೀರಿ: ಇಲ್ಲಿ ಗರ್ಭಲಿಂಗ ಪರೀಕ್ಷೆ ಮಾಡುವುದಿಲ್ಲ, ಅದು ಅಪರಾಧ. ಆ ಫಲಕವನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಹಾಕಲೇಬೇಕೆಂದು ನಿಯಮವಿದೆ.

ಕೂಸಿನ ಬೆಳವಣಿಗೆ ನೋಡಲು, ತಾಯಿಯ ಜೀವ ಉಳಿಸಲು ಬಂದ ಯಂತ್ರವನ್ನು ಹೆಣ್ಣುಕೂಸು ಬೇಡ ಎನ್ನುವವರು ಬೇರೆ ಕೆಲಸಕ್ಕೆ ಬಳಸಿದರು. ಇದನ್ನು ತಡೆಯಲು ದೇಶದಲ್ಲೇ ಮೊದಲು ಕಾಯಿದೆ ಮಾಡಿದ್ದು ನಮ್ಮ ಮಹಾರಾಷ್ಟ್ರ, 1988ರಲ್ಲಿ. ಇಡೀ ದೇಶದ ಕಾಯಿದೆ 1994ರಲ್ಲಿ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೂ ಜನಗಣತಿಯ ಅಂಕಿ ನೋಡಿ. ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 1991ರಲ್ಲಿ 946 ಹೆಣ್ಣುಮಕ್ಕಳಿದ್ದರು, 2001ರಲ್ಲಿ 913, 2011ರಲ್ಲಿ 894. ಇಪ್ಪತ್ತು ವರ್ಷದಲ್ಲಿ ಸಾವಿರಕ್ಕೆ 52 ಹೆಣ್ಣುಮಕ್ಕಳು ಕಡಿಮೆ. ನಮ್ಮ ಒಂದು ತರಗತಿಯ ಬೆಂಚುಗಳೆಲ್ಲ ಖಾಲಿಯಾದಂತೆ.

ಅದಕ್ಕಾಗಿ ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ ‘ಎಫ್ ಫಾರ್ಮ್’ ತುಂಬಬೇಕು. ಯಾಕೆ ಸ್ಕ್ಯಾನ್ ಮಾಡಿದೆವು ಎಂದು ಬರೆಯಬೇಕು. ಲಿಂಗ ತಿಳಿಸಿಲ್ಲ ಎಂದು ಡಾಕ್ಟರ್ ಸಹಿ ಮಾಡಬೇಕು, ತಿಳಿಯಲು ಬಯಸುವುದಿಲ್ಲ ಎಂದು ಗರ್ಭಿಣಿಯೂ ಬರೆದುಕೊಡಬೇಕು. ತಪ್ಪು ಮಾಡಿದ ಡಾಕ್ಟರಿಗೆ ಮೊದಲ ಸಲ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ವೈದ್ಯಕೀಯ ನೋಂದಣಿಯಿಂದ ಹೆಸರೂ ಹೋಗುತ್ತದೆ.

ಈ ವಿದ್ಯೆ ಕಲಿಯುವವರಿಗೆ ಕಾಣುವುದನ್ನು ಓದಲು ಬರಬೇಕು. ಕಂಡದ್ದರಲ್ಲಿ ಹೇಳಬಾರದ್ದನ್ನು, ಯಾರು ಕೇಳಿದರೂ, ಎಷ್ಟು ರೊಕ್ಕ ಕೊಟ್ಟರೂ, ಹೇಳದೆ ಇರಲೂ ಬರಬೇಕು.

ಈಗಿನಿಂದ ಏನು ಮಾಡಬಹುದು?

ಹುಡುಗಿಯ ಅಪ್ಪ ಸಂತೆಯ ದಿನ ಶಾಲೆಗೆ ಬಂದರು. ಇಷ್ಟನ್ನೂ ಅವರಿಗೆ ಹೇಳಿದೆ. “ಸಾಲ ಮಾಡೂದು ಉಳೀತ್ರಿ ಸರ್” ಎಂದರು. ಅಕ್ಕ ಈಗ ಪದವಿಯ ಇಮೇಜಿಂಗ್ ಕೋರ್ಸಿಗೆ ಅರ್ಜಿ ತುಂಬಿದ್ದಾಳೆ. ತಂಗಿಗೆ ಡಾಕ್ಟರ್ ಆಗುವ ಆಸೆ ಇದೆ, ಅವಳಿಗೆ ಇನ್ನೂ ಮೂರು ವರ್ಷ ಸಮಯವಿದೆ.

ನಿಮಗೂ ಸಮಯವಿದೆ. ಧ್ವನಿ, ಬೆಳಕಿನ ಪಾಠಗಳ ಲೆಕ್ಕಗಳನ್ನು ಬಾಯಿಪಾಠ ಮಾಡದೆ ಬಿಡಿಸಿ ಕಲಿಯಿರಿ. ಶರೀರದ ಚಿತ್ರಗಳನ್ನು ನೋಡದೆ ಬರೆಯುವ ರೂಢಿ ಮಾಡಿ. ಮರಾಠಿ, ಇಂಗ್ಲಿಷ್ ಕಲಿಯಿರಿ, ಕನ್ನಡ ಬಿಡಬೇಡಿ.

ಮಾಡಿ ನೋಡಿ

1. ಒಂದು ಸವತೆಕಾಯಿ, ಒಂದು ಬದನೆಕಾಯಿ, ಒಂದು ಹಾಗಲಕಾಯಿ ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಅಡ್ಡ ಕೊಯ್ದರೆ ಹೇಗೆ, ಉದ್ದ ಸೀಳಿದರೆ ಹೇಗೆ ಕಾಣಬಹುದೆಂದು ಮೊದಲು ಚಿತ್ರ ಬರೆಯಿರಿ. ಆಮೇಲೆ ಕೊಯ್ದು ಹೋಲಿಸಿ. ಎಲ್ಲಿ ತಪ್ಪಿತು ಎಂದು ಗುರುತಿಸಿ.

2. ಮೇಜಿನ ಹಲಗೆಗೆ ಕಿವಿ ಹಚ್ಚಿ, ಇನ್ನೊಂದು ತುದಿಯಲ್ಲಿ ಗೆಳೆಯನಿಗೆ ಉಗುರಿನಿಂದ ಮೆಲ್ಲಗೆ ಕೆರೆಯಲು ಹೇಳಿ. ಆಮೇಲೆ ಕಿವಿ ಎತ್ತಿ ಗಾಳಿಯಲ್ಲಿ ಕೇಳಿ. ಜೆಲ್ ಯಾಕೆ ಹಚ್ಚುತ್ತಾರೆ ಎಂಬುದನ್ನು ಇದರಿಂದ ವಿವರಿಸಿ.

ಪ್ರಶ್ನೆಗಳು

1. ಪಿತ್ತಕೋಶದ ಕಲ್ಲಿನಿಂದ ಪ್ರತಿಧ್ವನಿ 65 ಮೈಕ್ರೋಸೆಕೆಂಡಿನಲ್ಲಿ ಮರಳಿತು. ಕಲ್ಲು ಎಷ್ಟು ಆಳದಲ್ಲಿದೆ? (ಉತ್ತರ: ಸುಮಾರು 5 ಸೆಂಟಿಮೀಟರ್)

2. 100 ಲಕ್ಷ ಹರ್ಟ್ಜ್ ಧ್ವನಿಯ ತರಂಗದೂರ ಶರೀರದಲ್ಲಿ ಎಷ್ಟು? ಇದನ್ನು ಥೈರಾಯ್ಡಿಗೆ ಬಳಸಬಹುದೇ, ಮೂತ್ರಪಿಂಡಕ್ಕೆ ಬಳಸಬಹುದೇ? ಕಾರಣ ಕೊಡಿ. (ತರಂಗದೂರ: 0.154 ಮಿಲಿಮೀಟರ್)

3. ಶ್ವಾಸಕೋಶದ ಒಳಭಾಗವನ್ನು ಸೋನೋಗ್ರಾಫಿಯಿಂದ ನೋಡುವುದು ಯಾಕೆ ಕಷ್ಟ? ಜೆಲ್ ಬಗ್ಗೆ ಓದಿದ್ದನ್ನು ನೆನೆದು ಉತ್ತರಿಸಿ.

4. ನಿಮ್ಮ ಊರಿನಲ್ಲಿ ಸಿಕ್ಕ ಯಾವುದೇ ಕೋರ್ಸಿನ ಕರಪತ್ರ ತನ್ನಿ. ಪದವಿ ಕೊಡುವವರು ಯಾರು, ಪ್ರವೇಶಕ್ಕೆ ಏನು ಓದಿರಬೇಕು, ಮುಗಿಸಿದ ಮೇಲೆ ಕಾಯಿದೆಯ ಪ್ರಕಾರ ಯಾವ ಕೆಲಸ ಮಾಡಬಹುದು ಎಂದು ಅದರಲ್ಲಿ ಬರೆದಿದೆಯೇ? ತರಗತಿಯಲ್ಲಿ ಓದಿ ಚರ್ಚಿಸಿ.